ಅಕ್ಕನ ವಯಸ್ಸು

ಪಾಂಡವಪುರದ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರೊಬ್ಬ ನನ್ನ ಅಕ್ಕನ ರಟ್ಟೆ ಹಿಡಿದು ಬಸ್ಸು ಹತ್ತಿಸಿ, "ಅಜ್ಜಿಗೊಂದ್ ಸೀಟ್ ಬುಡ್ರಪ್ಪೋ" ಎಂದು ಕೂಗಿದ. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮವ್ವನಾ ಮೇಡಂ?" ಎಂದು ಕೇಳಿದ. ಅಕ್ಕ ನನಗಿಂತ ಎರಡೇ ವರ್ಷ ದೊಡ್ಡವಳು. ಅವಳಿಗೆ ಆಗಿನ್ನೂ ನಲವತ್ತು ತುಂಬಿರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಅವಳು, "ಊಂ ಕಣಪ್ಪ, ನನ್ ಮಗಳು" ಎಂದು ನಕ್ಕಳು. ಕಿಟಕಿಯ ಪಕ್ಕ ಕೂತ ಮೇಲೆ ಆ ನಗು ಇರಲಿಲ್ಲ. ಕೆ.ಆರ್. ಪೇಟೆ ಬರುವವರೆಗೂ ಅವಳು ನನ್ನ ಕಡೆ ತಿರುಗಲಿಲ್ಲ.

ಅಕ್ಕನನ್ನು ಕೆ.ಆರ್. ಪೇಟೆ ಕಡೆಯ ಶೀಳನೆರೆಗೆ ಕೊಟ್ಟಿತ್ತು. ಭಾವ ಹಸು ಸಾಕಿಕೊಂಡು ಡೇರಿಗೆ ಹಾಲು ಹಾಕುತ್ತಾರೆ. ನನ್ನ ಮನೆ ಕ್ಯಾತನಹಳ್ಳಿ. ಗಂಡನದು ಆಲೆಮನೆ, ನಾನು ಪಾಂಡವಪುರದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಟೀಚರು. ಚಿಕ್ಕಂದಿನಲ್ಲಿ ನಾನು ಅಕ್ಕನ ಹಳೆಯ ಲಂಗಗಳನ್ನೇ ತೊಡುತ್ತಿದ್ದೆ. ಹೈಸ್ಕೂಲಿಗೆ ಬರುವಷ್ಟರಲ್ಲಿ ನಾನೇ ಅವಳಿಗಿಂತ ಎತ್ತರವಾದೆ. ಅವಳು ಅಷ್ಟಕ್ಕೇ ನಿಂತುಬಿಟ್ಟಳು. ಮದುವೆಯಾದ ಹೊಸದರಲ್ಲೇ ತಲೆ ನೆರೆಯಿತು, ದನಿ ಕೀರಲಾಯಿತು, ಮುಖದ ಚರ್ಮ ಮೂಳೆಗೆ ಅಂಟಿಕೊಂಡಿತು. ಊರಿನ ನೀರು ಸರಿಯಿಲ್ಲ, ಹಸುಗಳ ಚಾಕರಿ ಹೆಚ್ಚಾಯಿತು, ಮಕ್ಕಳಾಗದ ಕೊರಗು ಎಂದು ಅವ್ವ ಏನೇನೋ ಕಾರಣ ಹೇಳಿಕೊಂಡು ಸಮಾಧಾನಪಡುತ್ತಿದ್ದಳು. ಆಮೇಲೆ ಸಕ್ಕರೆ ಕಾಯಿಲೆ ಬಂತು. ಹಿಮ್ಮಡಿಯ ಹತ್ತಿರ ಆದ ಗಾಯ ಒಣಗಲೇ ಇಲ್ಲ. ಎರಡೂ ಕಣ್ಣಿಗೆ ಪೊರೆ ಬಂದಾಗ ಮೈಸೂರಿಗೆ ಕರೆದುಕೊಂಡು ಹೋದೆವು. ಆಪರೇಷನ್ ಮಾಡಿದ ಕಣ್ಣಿನ ಡಾಕ್ಟರು ಅನುಮಾನಗೊಂಡು ನಮ್ಮನ್ನು ಇನ್ನೊಬ್ಬರ ಬಳಿಗೆ ಕಳಿಸಿದರು. ಮನುಷ್ಯನಿಗೆ ಯಾಕೆ ವಯಸ್ಸಾಗುತ್ತದೆ ಎಂಬುದರ ಮೇಲೆ ಸಂಶೋಧನೆ ಮಾಡುವ ಡಾಕ್ಟರಮ್ಮ ಅವರು.

ಅವರು ಮೊದಲು ಕೇಳಿದ್ದು, "ನಿಮ್ಮ ತಂದೆತಾಯಿ ಸಂಬಂಧದಲ್ಲೇ ಮದುವೆಯಾದವರಾ?"

"ಅಪ್ಪ ಅವ್ವನಿಗೆ ಸ್ವಂತ ಸೋದರಮಾವ" ಎಂದೆ.

ಅವರು ನಿಧಾನವಾಗಿ ಬಿಡಿಸಿ ಹೇಳಿದರು. ಜೀವಕೋಶ ಒಡೆದು ಎರಡಾಗುವಾಗ ಅದರೊಳಗೆ ತಪ್ಪುಗಳಾಗುತ್ತವೆ. ಅವನ್ನು ಸರಿಮಾಡುವ ಒಂದು ಪ್ರೋಟೀನು ಅಕ್ಕನ ಮೈಯಲ್ಲಿಲ್ಲ. ಹಾಗಾಗಿ ಅವಳ ಕೋಶಗಳು ಬೇಗ ಮುದಿಯಾಗುತ್ತಿವೆ. ತಂದೆಯಿಂದ ಒಂದು, ತಾಯಿಯಿಂದ ಒಂದು, ಎರಡೂ ಕೆಟ್ಟ ಜೀನು ಕೂಡಿಬಂದರೆ ಮಾತ್ರ ಹೀಗೆ.

"ಔಷಧಿ?"

"ಕಣ್ಣು, ಗಾಯ, ಸಕ್ಕರೆ, ಇವನ್ನ ನೋಡ್ಕೋಬಹುದು. ಮೂಲಕ್ಕೆ ಔಷಧಿ ಇಲ್ಲಮ್ಮ. ಎಲ್ಲಾದ್ರೂ ಗಡ್ಡೆ ಬರುತ್ತಾ ಅಂತ ಆಗಾಗ ನೋಡ್ತಾ ಇರ್ಬೇಕು."

ಜೀವಕೋಶ ಒಡೆಯುವ ಪಾಠವನ್ನು ನಾನು ಪ್ರತಿ ವರ್ಷ ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆದು ಮಾಡುತ್ತೇನೆ. ಆ ದಿನ ಡಾಕ್ಟರಮ್ಮನ ಮುಂದೆ ಕೂತು ನಮ್ಮ ಮನೆಯ ಸಂಬಂಧಗಳನ್ನೇ ಎಣಿಸತೊಡಗಿದೆ. ನನ್ನ ಗಂಡ ಅಪ್ಪನ ತಂಗಿಯ ಮಗ. ನಮ್ಮ ಒಬ್ಬಳೇ ಮಗಳು ಆಗ ಏಳನೇ ಕ್ಲಾಸಿನಲ್ಲಿದ್ದಳು. ಕ್ಲಾಸಿಗೆಲ್ಲ ಅವಳೇ ಗಿಡ್ಡ.

ಆಮೇಲೆ ನನಗೆ ಭಯ ಬಿಟ್ಟು ಬೇರೆ ಏನೂ ಉಳಿಯಲಿಲ್ಲ. ಮಗಳನ್ನು ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಎತ್ತರ ಅಳೆಯುತ್ತಿದ್ದೆ. ತಲೆ ಬಾಚುವ ನೆಪದಲ್ಲಿ ಬೈತಲೆ ಬಿಡಿಸಿ ಬಿಡಿಸಿ ನೋಡುತ್ತಿದ್ದೆ. ನೆಗಡಿಯಾಗಿ ಅವಳ ಗಂಟಲು ಕಟ್ಟಿದರೆ ನನಗೆ ಅನ್ನ ಇಳಿಯುತ್ತಿರಲಿಲ್ಲ. ಒಂದು ದಿನ ಗಂಡ, "ಮೊಗೀನ ಯಾಕಿಂಗೆ ದಿನಾ ಬಾಗ್ಲಿಗ್ ನಿಲ್ಲುಸ್ತೀಯಾ? ಅದೂ ಎದ್ರುಕತ್ತದೆ" ಎಂದು ಗದರಿದರು. ಆಲೆಮನೆಗೆ ಹೋಗಿ, ಬೆಲ್ಲದ ಕೊಪ್ಪರಿಗೆಯ ಮುಂದೆ ನಿಂತು ಎಲ್ಲವನ್ನೂ ಹೇಳಿದೆ. ಅವರು ಕೆಲಸ ಬಿಟ್ಟು ನನ್ನ ಹತ್ತಿರ ಬಂದರು.

"ಟೆಸ್ಟ್ ಮಾಡುಸ್ಬುಡಾನ."

"ಮಾಡ್ಸಿ, ಐತೆ ಅಂದ್ಬುಟ್ರೆ?"

ಅವರು ತಿರುಗಿ ಒಲೆಯ ಕಡೆ ಹೋದರು. ನಾನು ಟೆಸ್ಟಿಗೆ ಹೋಗಲಿಲ್ಲ. ಒಂದು ಬೇಸಿಗೆ ಹಾಗೆಯೇ ಕಳೆಯಿತು.

ಅಷ್ಟರಲ್ಲಿ ಡಾಕ್ಟರಮ್ಮ ಅಕ್ಕನ ತೋಳಿನಿಂದ ಚರ್ಮದ ಸಣ್ಣ ಚೂರೊಂದನ್ನು ತೆಗೆದು ಲ್ಯಾಬಿನಲ್ಲಿ ಬೆಳೆಸುತ್ತಿದ್ದರು. ಅಕ್ಕ ಹಿಂದೆಮುಂದೆ ನೋಡದೆ ಒಪ್ಪಿದ್ದಳು. "ಮುದುಕ್ರಾದ್ರೂವೆ ಗಟ್ಟಿಯಾಗಿರ್ಬೇಕು ಅಂತ ಜನುಕ್ಕೆ ಆಸೆಯಂತೆ. ಅದ್ಕೆ ನನ್ ಮೈ ನೋಡಿ ದಾರಿ ಉಡುಕ್ತಾರಂತೆ. ಉಡುಕ್ಲಿ ಬುಡು" ಎಂದಿದ್ದಳು. ಗಾಯ ತೋರಿಸಲು ಹೋದಾಗ ಅವಳೇ, "ನನ್ ಚರ್ಮ ಏನಾಯ್ತು, ಒಸಿ ತೋರ್ಸಿ" ಎಂದು ಕೇಳಿದಳು.

ಮೈಕ್ರೋಸ್ಕೋಪಿನ ಮುಂದೆ ಸ್ಟೂಲು ಹಾಕಿ ಅವಳನ್ನು ಕೂರಿಸಿದರು. ಬಹಳ ಹೊತ್ತು ನೋಡಿದಳು.

"ಇವು ನನ್ನವಾ? ಸತ್ತೋಗವಾ?"

"ಇಲ್ಲಮ್ಮ, ಬದುಕಿವೆ. ಆದ್ರೆ ಬೆಳೆಯೋದು ನಿಲ್ಲಿಸಿವೆ. ಅಕ್ಕಪಕ್ಕದ ಕೋಶಗಳನ್ನೂ ಕೆಡಿಸ್ತವೆ. ಅದನ್ನ ತಡೆಯೋದು ಹೇಗೆ ಅಂತಾನೇ ನಾವು ನೋಡ್ತಿರೋದು."

ಆಮೇಲೆ ನಾನು ಬಗ್ಗಿದೆ. ಅಕ್ಕನದೇ ವಯಸ್ಸಿನ ಯಾರದೋ ಕೋಶಗಳು ಒಂದು ತಟ್ಟೆಯಲ್ಲಿದ್ದವು. ತೆಳ್ಳಗೆ, ಒತ್ತೊತ್ತಾಗಿ, ನಾಟಿಗೆಂದು ಬೆಳೆಸಿದ ಒಟ್ಲು ಪಾತಿಯ ಭತ್ತದ ಪೈರಿನ ಹಾಗಿದ್ದವು. ಅಕ್ಕನ ತಟ್ಟೆಯಲ್ಲಿ ಅಲ್ಲೊಂದು ಇಲ್ಲೊಂದು, ಊದಿಕೊಂಡು ಚಪ್ಪಟೆಯಾಗಿ ಬಿದ್ದಿದ್ದವು. ಬಾಗಿಲಿಗೆ ಒರಗಿ ನಿಲ್ಲುವ ಮಗಳು ಕಣ್ಮುಂದೆ ಬಂದಳು.

ಹೊರಗೆ ಬಂದು ಕೂತಾಗ ಅಕ್ಕ ನನ್ನ ಕೈ ಹಿಡಿದುಕೊಂಡಳು. "ಮೊಗೀಗ್ ಟೆಸ್ಟ್ ಮಾಡ್ಸೇ. ನಂಗೆ ಯಾರೂ ಯೋಳ್ನಿಲ್ಲ. ಇಷ್ಟ್ ವರ್ಸ ನಾನೇ ಏನೋ ಪಾಪ ಮಾಡಿವ್ನಿ ಅನ್ಕಂಡೇ ಬದುಕ್ದೆ. ಅವ್ಳುನ್ನ ಅಂಗ್ ಬುಡ್ಬೇಡ."

ಆ ವಾರವೇ ನಾನು, ಗಂಡ, ಮಗಳು ಮೂವರೂ ರಕ್ತ ಕೊಟ್ಟೆವು. ಉತ್ತರ ಬರುವವರೆಗಿನ ದಿನಗಳು ನನಗೆ ಸರಿಯಾಗಿ ನೆನಪಿಲ್ಲ. ಪಾಠ ಮಾಡುತ್ತಿದ್ದೆ, ಮಕ್ಕಳು ಏನೋ ಕೇಳುತ್ತಿದ್ದರು, ಅಷ್ಟೇ. ಸ್ಟಾಫ್‌ರೂಮಿನಲ್ಲಿದ್ದಾಗ ಡಾಕ್ಟರಮ್ಮನ ಫೋನು ಬಂತು. ಕೆಟ್ಟ ಜೀನು ನನ್ನಲ್ಲಿ ಒಂದೇ ಇದೆ, ಅದರಿಂದ ನನಗೇನೂ ಆಗುವುದಿಲ್ಲ. ಗಂಡನಲ್ಲಿ ಇಲ್ಲ. ಮಗಳಿಗೆ ಬಂದೇ ಇಲ್ಲ. ಜೊತೆಯ ಟೀಚರುಗಳು ಏನಾಯಿತೆಂದು ಕೇಳುತ್ತಿದ್ದರೂ ನಾನು ಮೇಜಿನ ಮೇಲೆ ತಲೆಯಿಟ್ಟು ಅತ್ತೆ. ಸಂಜೆ ಅಕ್ಕನಿಗೆ ಹೇಳಿದಾಗ ಅವಳು, "ನಮ್ಮಪ್ಪನೇ ಕಾಪಾಡ್ದ" ಎಂದಳು. ಯಾವ ದೇವರನ್ನು ನೆನೆದಳೋ, ಸತ್ತುಹೋದ ನಮ್ಮಪ್ಪನನ್ನೋ, ನಾನು ಕೇಳಲಿಲ್ಲ.

ಅಕ್ಕನ ಪಾಲಿಗೆ ಯಾವುದೂ ಬದಲಾಗಲಿಲ್ಲ. ಮರುವರ್ಷ ಅವಳ ಕುತ್ತಿಗೆಯಲ್ಲಿ ಗಡ್ಡೆ ಕಾಣಿಸಿಕೊಂಡಿತು. ಕ್ಯಾನ್ಸರ್ ಎಂದರು. ಆಪರೇಷನ್ ಮಾಡಿ ತೆಗೆದರು. ಈಗಲೂ ಭಾವನ ನಂಬರಿನಿಂದ ಫೋನು ಬಂದರೆ ನಾಲ್ಕು ಸಲ ಬಡಿದುಕೊಂಡ ಮೇಲೇ ಎತ್ತುತ್ತೇನೆ.

ಮೊನ್ನೆ ಸ್ಕ್ಯಾನಿಂಗಿಗೆ ಹೋಗಿದ್ದೆವು. ನಾನು ಜೊತೆಗೆ ಒಳಗೆ ಹೊರಟರೆ ಅಕ್ಕ ತಡೆದಳು. "ನೀ ಬರ್ಬೇಡ ಕಣೇ, ನಿನ್ ಮೊಕ ನೋಡುದ್ರೆ ನಂಗಿನ್ನೂ ಭಯ ಆಯ್ತದೆ." ಭಾವ ಮತ್ತು ನಾನು ಹೊರಗಿನ ಬೆಂಚಿನಲ್ಲಿ ಕೂತಿದ್ದೆವು. ಈ ಸಲ ಏನೂ ಕಾಣಿಸಲಿಲ್ಲ, ಆರು ತಿಂಗಳು ಬಿಟ್ಟು ಬನ್ನಿ ಎಂದರು.

ಬರುವಾಗ ಶ್ರೀರಂಗಪಟ್ಟಣದಲ್ಲಿ ಇಳಿದು ಹೋಟೆಲಿಗೆ ಹೋದೆವು. ಅಕ್ಕ ಇಡ್ಲಿ ತಿಂದು, ಇನ್ನೊಂದು ಪ್ಲೇಟು ತರಿಸಿಕೊಂಡಳು. ನನ್ನ ತಟ್ಟೆಯಲ್ಲಿದ್ದುದು ಹಾಗೇ ಆರುತ್ತಿತ್ತು. ಆರು ತಿಂಗಳೆಂದರೆ ಸಂಕ್ರಾಂತಿ ಆದಮೇಲೆ ಎಂದು ನಾನಾಗಲೇ ಲೆಕ್ಕ ಹಾಕಿಬಿಟ್ಟಿದ್ದೆ.