ಅವ್ವನ ಫೋನ್ ಕೇಳಿದ ಹೆಸರು

ನನಗೆ ಹೇಸಿಗೆ ಹುಟ್ಟಿಸುವ ವಸ್ತುಗಳು ಬಹಳ ಇವೆ. ಬಸ್ಸಿನ ಸೀಟಿನ ಕೆಳಗೆ ಉಗುಳಿದ ಗುಟಕಾ, ಹಾಲಿನಲ್ಲಿ ಬಿದ್ದ ನೊಣ, ಮದುವೆ ಊಟದ ಪಂಕ್ತಿಯಲ್ಲಿ ಪಕ್ಕದವರು ಬಿಟ್ಟೆದ್ದ ಎಲೆ. ಇವೆಲ್ಲವನ್ನೂ ಹಿಂದೆ ಹಾಕಿದ್ದು ನಮ್ಮ ಅವ್ವನ ಫೋನಿನಲ್ಲಿ ಮೇಲಿಂದ ಮೇಲೆ ಏಳುತ್ತಿದ್ದ ಒಂದು ಬಿಳಿ ಚೌಕ. 'ನಿಮ್ಮ ಖಾತೆಯ ಪಾಸ್‌ವರ್ಡ್ ನಮೂದಿಸಿ' ಎನ್ನುತ್ತಿತ್ತು. ರದ್ದು ಎಂದು ಒತ್ತಿದರೆ ಹೋಗುತ್ತಿತ್ತು. ಅವ್ವ ನನಗೆ ಫೋನ್ ಹಚ್ಚಬೇಕೆಂದು ನಂಬರ್ ಹುಡುಕುವಷ್ಟರಲ್ಲಿ ಮತ್ತೆ ಎದ್ದಿರುತ್ತಿತ್ತು.

ಆ ಫೋನ್ ನಾನು ಬಳಸಿ ಬಿಟ್ಟದ್ದು. ಹಳೆಯದನ್ನು ತಾಯಿಗೆ ಕೊಟ್ಟು ಹೊಸದು ಕೊಂಡುಕೊಂಡ ಮಗಳು ನಾನು, ಅದನ್ನು ಮುಚ್ಚಿಡುವುದಿಲ್ಲ. ಅದರಲ್ಲಿದ್ದ ನನ್ನ ಖಾತೆ ಅಳಿಸಿ ಕೊಟ್ಟಿದ್ದೆ. ಅವ್ವ ಇಳಕಲ್ಲಿನ ಒಂದು ಮೊಬೈಲ್ ಅಂಗಡಿಗೆ ತಾನೇ ಹೋಗಿ ತನ್ನ ಹೆಸರಿನಲ್ಲಿ ಹೊಸ ಖಾತೆ ಮಾಡಿಸಿಕೊಂಡು ಬಂದಿದ್ದಳು. ಅಂಗಡಿಯವಳು ಪಾಸ್‌ವರ್ಡನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟಳಂತೆ. ಅವ್ವ ಚೀಟಿಯನ್ನು ಜಂಪರಿನೊಳಗೆ ಇಟ್ಟುಕೊಂಡು ಮನೆಗೆ ಬಂದು, ಮರುದಿನ ಚೀಟಿ ಸಮೇತ ಜಂಪರನ್ನು ಒಗೆದು ಹಾಕಿದಳು.

ಅವ್ವನಿಗೆ ಫೋನ್ ಬೇಕಾಗಿದ್ದು ಮಾತಿಗಲ್ಲ, ಪಟ ತೆಗೆಯುವುದಕ್ಕೆ. ಅವಳು ಹದಿನೆಂಟನೇ ವಯಸ್ಸಿನಿಂದ ಕುಣಿಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯ್ದವಳು. ನೇಯ್ದದ್ದೆಲ್ಲ ಸಾವಕಾರರ ಅಂಗಡಿಗೆ ಹೋಗುತ್ತಿತ್ತು. ಒಂದನ್ನೂ ಅವಳು ಉಟ್ಟದ್ದು ನಾನು ನೋಡಿಲ್ಲ. ಫೋನ್ ಬಂದ ಮೇಲೆ, ಮಗ್ಗದಿಂದ ಇಳಿದ ಪ್ರತಿ ಸೀರೆಯ ಸೆರಗನ್ನೂ ಹೊರಸು ಮಂಚದ ಮೇಲೆ ಹರವಿ, ಬಾಗಿಲು ಪೂರ್ತಿ ತೆರೆದು ಬೆಳಕು ಬಿಟ್ಟು, ಪಟ ಹಿಡಿದು ಆಮೇಲೆ ಕಳಿಸುತ್ತಿದ್ದಳು. ಹೋದ ವರ್ಷ ಕಣ್ಣಿನ ಆಪರೇಷನ್ ಆಯಿತು, ಮಗ್ಗ ನಿಂತಿತು. ಐವತ್ತು ವರ್ಷದ ದುಡಿಮೆಗೆ ಗುರುತು ಎಂದು ಉಳಿದದ್ದು ಕೊನೆಯ ಎರಡು ವರ್ಷದ ಆ ಪಟಗಳು ಮಾತ್ರ.

ಆ ಪಟಗಳನ್ನೇ ಈ ದರಿದ್ರ ಚೌಕ ಹಿಡಿದಿಟ್ಟುಕೊಂಡಿತ್ತು. ಫೋನಿನಲ್ಲಿ ಜಾಗ ಸಾಲದೆ ಎಲ್ಲವೂ ಎಲ್ಲಿಯೋ ಮೇಲಕ್ಕೆ, ಆ ಖಾತೆಯೊಳಕ್ಕೆ ಹೋಗಿದ್ದವು. ಇಲ್ಲಿ ಇದ್ದದ್ದು ಉಗುರಗಲದ ಮಸುಕು ಅಚ್ಚು. ದೊಡ್ಡದು ಮಾಡಿ ನೋಡೋಣವೆಂದು ಮುಟ್ಟಿದರೆ ಪಾಸ್‌ವರ್ಡ್. ಅದರ ಮೇಲೆ ಒಂದು ಸಂದೇಶ ಬಂತು: ತಿಂಗಳ ಕೊನೆಯೊಳಗೆ ಖಾತೆಯನ್ನು ಖಚಿತಪಡಿಸದಿದ್ದರೆ ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಅವ್ವ ಅದನ್ನು ಫೋನಿನಲ್ಲಿ ನನಗೆ ಓದಿ ಹೇಳಿದಳು. ನಾಲ್ಕನೇ ಇಯತ್ತೆಯವರೆಗೆ ಸಾಲಿ ಕಲಿತವಳು, ಅಕ್ಷರ ಬಿಡಿಬಿಡಿಯಾಗಿ ಓದುತ್ತಾಳೆ. 'ಅಳಿಸಿ' ಎಂಬಲ್ಲಿ ಸ್ವಲ್ಪ ನಿಂತಳು.

ನಾನು ಬಾಗಲಕೋಟೆಯ ನವನಗರದ ಒಂದು ಕಚೇರಿಯಲ್ಲಿ ಗುಮಾಸ್ತಳು. ಕಿಟಕಿಯ ಈಚೆ ಕುಳಿತು ಆಚೆಯವರ ಕಾಗದ ನೋಡುವುದು ನನ್ನ ಕೆಲಸ. ಆಧಾರ್‌ನಲ್ಲಿ ಒಂದು ಹೆಸರು, ಸಾಲಿಯ ದಾಖಲೆಯಲ್ಲಿ ಇನ್ನೊಂದು ಹೆಸರು ಇರುವ ಹೆಂಗಸರು ವಾರಕ್ಕೆ ನಾಲ್ಕಾರು ಜನ ಬರುತ್ತಾರೆ. "ಲಗ್ನದಾಗ ಹೆಸರು ಬದ್ಲಿ ಮಾಡ್ಯಾರ್ರಿ" ಎನ್ನುತ್ತಾರೆ. "ಅಫಿಡವಿಟ್ ಮಾಡಿಸ್ಕೊಂಡು ಬರ್ರಿ" ಎಂದು ಮುಂದಿನವರನ್ನು ಕರೆಯುತ್ತೇನೆ. ಇದನ್ನು ಹೇಳಲು ತಲೆ ಎತ್ತುವ ಅಗತ್ಯವೂ ನನಗೆ ಬೀಳುವುದಿಲ್ಲ. ಇಂಥವಳನ್ನೇ ಒಂದು ಚೌಕ ಕಿಟಕಿಯ ಆಚೆ ನಿಲ್ಲಿಸಿ 'ನೀನು ಯಾರು' ಎಂದು ಕೇಳಿದರೆ ಮೈ ಉರಿಯದೆ ಇರುತ್ತದೆಯೇ?

ತಿಂಗಳ ಕೊನೆಯ ಭಾನುವಾರ ಬಾಗಲಕೋಟೆಯಿಂದ ಬಸ್ ಹಿಡಿದೆ. ಹುನಗುಂದದಲ್ಲಿ ಅರ್ಧ ಬಸ್ ಇಳಿದು ಸೀಟು ಸಿಕ್ಕಿತು. ಅಲ್ಲಿಂದ ಇಳಕಲ್ಲಿನವರೆಗೆ ಆ ಚೌಕವನ್ನು ಮಾಡಿದವರಿಗೆ ಮನಸ್ಸಿನಲ್ಲೇ ಏನೇನು ಅನ್ನಬಹುದೋ ಅಷ್ಟನ್ನೂ ಅಂದುಕೊಂಡು ಹೋದೆ.

ಊಟ ಮುಗಿಸಿ, ನಿಂತ ಮಗ್ಗದ ಪಕ್ಕದಲ್ಲೇ ಚಾಪೆಯ ಮೇಲೆ ಕುಳಿತೆವು. ಅವ್ವ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಫೋನ್ ನನ್ನ ಕೈಗೆ ಬಂದ ಕ್ಷಣಕ್ಕೇ ಚೌಕ ಎದ್ದಿತು. ಪರದೆಗೆ ಹತ್ತಿದ ಅರಿಶಿನ, ಎಣ್ಣೆಯ ಬೆರಳಚ್ಚು ನೋಡಿ ಇನ್ನಷ್ಟು ಅಸಹ್ಯವಾಯಿತು. 'ಪಾಸ್‌ವರ್ಡ್ ಮರೆತಿರಾ' ಎಂಬುದನ್ನು ಒತ್ತಿದೆ. ಅದು ಒಂದು ಪ್ರಶ್ನೆ ಕೇಳಿತು: 'ಬಾಲ್ಯದಲ್ಲಿ ನಿಮ್ಮನ್ನು ಯಾವ ಹೆಸರಿನಿಂದ ಕರೆಯುತ್ತಿದ್ದರು?'

ಇಷ್ಟೇ ಅಲ್ಲವೇ ಎಂದು ಅವ್ವನ ಹೆಸರು ಒತ್ತಿದೆ. ಉತ್ತರ ತಪ್ಪು ಎಂದು ಬಂತು. ಹೆಸರಿನ ಕೊನೆಗೆ 'ಅವ್ವ' ಎಂದು ಸೇರಿಸಿ ಒತ್ತಿದೆ. ಮತ್ತೆ ತಪ್ಪು, ಇನ್ನೊಮ್ಮೆ ತಪ್ಪಿದರೆ ಖಾತೆ ಬಂದ್ ಆಗುತ್ತದೆ ಎಂದಿತು.

"ನಿನ್ನ ಹೆಸರು ನಿಂದಲ್ಲಂತ. ಇಂಥಾ ಹೇಸಿ ಮಶಿನ್ ನಾ ಎಲ್ಲೂ ನೋಡಿಲ್ಲ" ಎಂದೆ. "ಅಂಗಡ್ಯಾಗ ಏನ್ ಹೇಳಿ ಬಂದೀ ಯವ್ವಾ?"

"ಹೇಳಿಲ್ಲ. ಪಾಸ್‌ವರ್ಡ್ ನಾ ಬರದ್ಕೊಡ್ತೀನಿ, ಈ ಉತ್ತರ ಗುಪ್ತ ಇರ್ಬೇಕು ನೀವ ಒತ್ರಿ ಅಂದ್ಲು ಅಂಗಡಿಯಾಕಿ. ನಾನ ಒತ್ತೀನಿ."

"ಏನಂತ?"

"ನನ್ನ ಹೆಸರು."

"ಅದನ್ನ ಅಲ್ಲಾ ನಾ ಒತ್ತಿದ್ದು."

ಅವ್ವ ಬೀಜವನ್ನು ತಟ್ಟೆಗೆ ಹಾಕಿದಳು. "ನೀ ಒತ್ತಿದ್ದು ಈ ಮನ್ಯಾಗ ಇಟ್ಟ ಹೆಸರು. ಅದು ಕೇಳೂದು ಸಣ್ಣಾಕಿದ್ದಾಗಿಂದು."

ನನಗೆ ಐವತ್ತು ಹತ್ತಿರ ಬಂದಿದೆ. ಅವ್ವನಿಗೆ ಇನ್ನೊಂದು ಹೆಸರಿತ್ತು ಎಂಬುದು ಆ ಮಧ್ಯಾಹ್ನದವರೆಗೆ ನನಗೆ ಗೊತ್ತಿರಲಿಲ್ಲ. "ಏನಿತ್ತು?" ಎಂದೆ.

"ನಿಮ್ಮ ದೊಡ್ಡವ್ವಂದ ಇತ್ತಲ್ಲ, ಅದ."

ದೊಡ್ಡವ್ವ ಎಂದರೆ ನಮ್ಮ ದೊಡ್ಡಪ್ಪನ ಹೆಂಡತಿ, ಕೊನೆಯವರೆಗೆ ಇದೇ ಮನೆಯಲ್ಲಿ ಇದ್ದವಳು. ಅವ್ವ ಬೀಜ ಬಿಡಿಸುತ್ತಲೇ ಹೇಳಿದಳು. "ಅಕಿ ನನಗಿಂತ ಮೊದ್ಲ ಸೊಸಿ ಆಗಿ ಬಂದಿದ್ಲು. ಒಂದ ಮನ್ಯಾಗ ಇಬ್ಬರದೂ ಒಂದ ಹೆಸರಾದ್ರ ಕರಿಯೂದು ಹೆಂಗ ಅಂತ ನಿಮ್ಮಜ್ಜಿ ಲಗ್ನದಾಗ ನಂದು ಬದ್ಲಿ ಮಾಡಿಸಿದ್ಲು. ಮೊದಮೊದ್ಲ ಅಕಿನ್ನ ಕರದ್ರ ನಾ ಹೊಳ್ಳಿ ನೋಡ್ತಿದ್ನಿ. ನಿನ್ನಲ್ಲ ಅಂತ ಬೈತಿದ್ರು. ಆಮ್ಯಾಲ ನೋಡೂದು ಬಿಟ್ನಿ."

ಆ ಹೆಸರು ನಮ್ಮ ಮನೆಯಲ್ಲಿ ದಿನಕ್ಕೆ ಎಷ್ಟು ಸಲ ಕೂಗಿಸಿಕೊಳ್ಳುತ್ತಿತ್ತು ಎಂಬುದು ನನ್ನ ಕಿವಿಗೆ ಗೊತ್ತು. ಅಜ್ಜಿ ಹಿತ್ತಲಿನಿಂದ ಕೂಗುತ್ತಿದ್ದಳು, ದೊಡ್ಡಪ್ಪ ಕಟ್ಟೆಯಿಂದ ಕೂಗುತ್ತಿದ್ದ, ನೀರಿಗೆ, ಚಹಾಕ್ಕೆ, ಸಿಟ್ಟಿಗೆ. ಅಷ್ಟು ಹೊತ್ತೂ ಅವ್ವ ಈ ಮಗ್ಗದ ಕುಣಿಯಲ್ಲಿ ಕುಳಿತು ತನ್ನ ಹೆಸರಿಗೆ ತಾನು ಹೊಳ್ಳಿ ನೋಡದೆ ಲಾಳಿ ಹೊಡೆಯುತ್ತಿದ್ದಳು. ಇನ್ನೊಂದೂ ನೆನಪಾಯಿತು. ನಾನು ಆರನೆಯ ಇಯತ್ತೆಯಲ್ಲಿದ್ದಾಗ ಬಾದಾಮಿ ಬಸ್ ನಿಲ್ದಾಣದಲ್ಲಿ ಒಬ್ಬ ಮುದುಕಿ ದೊಡ್ಡವ್ವನ ಹೆಸರು ಹಿಡಿದು ಕೂಗುತ್ತ ನಮ್ಮ ಕಡೆ ಬಂದಳು. ಅವ್ವನ ತವರು ಆ ಕಡೆಯ ಹಳ್ಳಿ. ಅವ್ವ ಸರ್ರನೆ ತಿರುಗಿದಳು. "ದೊಡ್ಡವ್ವ ಬಂದಿಲ್ರಿ, ಊರಾಗದಾಳ" ಎಂದು ಮುದುಕಿಗೆ ಹೇಳಿ, ಬಸ್ ಬಿಡುತ್ತದೆಂದು ಅವ್ವನ ಕೈ ಜಗ್ಗಿಕೊಂಡು ಹೋದವಳು ನಾನೇ. ಬಸ್ಸಿನಲ್ಲಿ ನಾನು ಕಿಟಕಿಯ ಸೀಟಿಗಾಗಿ ಜಗಳ ಮಾಡುತ್ತಿದ್ದೆ.

ಆ ಚೌಕದ ಮೇಲೆ ಇದ್ದ ಹೇಸಿಗೆಯೆಲ್ಲ ತಿರುಗಿ ನನ್ನ ಮೇಲೇ ಬಂತು. ಊರಿನ ಹೆಂಗಸರಿಗೆಲ್ಲ ಅಫಿಡವಿಟ್ ತರ್ರಿ ಎನ್ನುವವಳಿಗೆ ಮನೆಯ ಕಾಗದವೇ ಗೊತ್ತಿರಲಿಲ್ಲ.

"ಇಷ್ಟ ದಿನ ಯಾಕ ಹೇಳಲಿಲ್ಲ?" ಎಂದೆ. ದನಿಯಲ್ಲಿ ಇನ್ನೂ ಸಿಟ್ಟಿತ್ತು, ನನಗೆ ಬೇರೆ ದನಿ ಬರುವುದಿಲ್ಲ.

"ನೀ ಕೇಳಲಿಲ್ಲ" ಎಂದಳು.

ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವ್ವ ಹುಣಸೆಯ ಕೈಯನ್ನು ಸೆರಗಿಗೆ ಒರೆಸಿಕೊಂಡು ಫೋನ್ ಇಸಿದುಕೊಂಡಳು. ನಂಬರ್ ಹುಡುಕಲು ಅಷ್ಟು ಒದ್ದಾಡುವ ಬೆರಳು ಈ ನಾಲ್ಕು ಅಕ್ಷರವನ್ನು ತಡವರಿಸದೆ ಒತ್ತಿತು. ಹಸಿರು ಗುರುತಿನೊಡನೆ 'ಉತ್ತರ ಸರಿಯಾಗಿದೆ' ಎಂದು ಬಂತು. ಮುಂದಿನದು ಹೊಸ ಪಾಸ್‌ವರ್ಡ್. ನಾನು ಇಸಿದುಕೊಂಡು ಹಾಕಿದೆ, ಎರಡು ಸಲ ಖಚಿತಪಡಿಸಿದೆ, ಇನ್ನು ಮೇಲೆ ಕೇಳಬೇಡ ಎಂಬ ಕಡೆ ಗುರುತು ಹಾಕಿದೆ.

ಪಟಗಳು ಒಂದೊಂದಾಗಿ ಇಳಿದು ತಿಳಿಯಾದವು. ಕೆಂಪು ರೇಷ್ಮೆಯ ಸೆರಗುಗಳು, ಅವುಗಳಲ್ಲಿ ನೇಯ್ದ ಬಿಳಿಯ ತೆನೆಗಳು, ಒಂದರ ಅಂಚಿನಲ್ಲಿ ಹೊರಸಿನ ಕಾಲು, ಇನ್ನೊಂದರಲ್ಲಿ ಅವ್ವನ ಹೆಬ್ಬೆರಳು. ಅವ್ವ ಕನ್ನಡಕ ಹಾಕಿಕೊಂಡು ಎಲ್ಲವನ್ನೂ ನೋಡಿದಳು. ಒಂದು ಸೆರಗಿನ ಹತ್ತಿರ ನಿಂತು, "ಇಲ್ಲೊಂದು ಎಳಿ ತಪ್ಪೇನಿ. ಸಾವಕಾರರಿಗೆ ತಿಳೀಲಿಲ್ಲ" ಎಂದಳು.

ನೋಡಿ ಮುಗಿದ ಮೇಲೆ ಕೇಳಿದಳು, "ಇನ್ನ ಅದು ಕೇಳೂದಿಲ್ಲೇನು?"

"ಕೇಳೂದಿಲ್ಲ. ಆ ಪೀಡಾ ಖಾಯಂ ಬಂದ್ ಮಾಡೀನಿ" ಎಂದೆ. ಆ ದಿನದಲ್ಲಿ ನಾನು ಮಾಡಿದ ಒಂದೇ ಒಳ್ಳೆಯ ಕೆಲಸ ಎಂದುಕೊಂಡಿದ್ದೆ.

ಅವ್ವ ಪರದೆಯನ್ನು ಸೆರಗಿನಿಂದ ಒರೆಸಿದಳು. ಆಮೇಲೆ, ಹುಣಸೆಯ ತಟ್ಟೆ ನೋಡುತ್ತ ಹೇಳಿದಳು. "ಮನ್ಯಾಗ ಯಾರೂ ಇಲ್ಲದಾಗ ಆ ಹೆಸರು ಒತ್ತತಿದ್ನಿ. ಸರಿಯಾಗಿದೆ ಅಂತ ಬರ್ತಿತ್ತು. ಅಲ್ಲಿಂದ ಮುಂದ ಏನ್ ಮಾಡೂದು ತಿಳೀತಿದ್ದಿಲ್ಲ. ಅಷ್ಟ ನೋಡಿ ಮುಚ್ಚತಿದ್ನಿ."

ನಾನು ಫೋನ್ ತೆಗೆದುಕೊಂಡು ಆ ಪ್ರಶ್ನೆಯನ್ನು ಮತ್ತೆ ತರಿಸಬಹುದೇ ಎಂದು ಹುಡುಕಿದೆ. ಎಲ್ಲಿ ಒತ್ತಿದರೂ ಬರಲಿಲ್ಲ. ಇಷ್ಟು ದಿನ ಕರೆಯದೆ ಬರುತ್ತಿದ್ದ ಚೌಕ ಅವತ್ತು ಬರಲೇ ಇಲ್ಲ.

"ಇರಲಿ ಬಿಡು" ಎಂದಳು ಅವ್ವ. "ಪಟ ಉಳದ್ವಲ್ಲ."