ಬೋಗುಣಿ ಮಾಮನ ಮೂಗು

ಊರಿನ ಕೊಳಚೆನೀರೆಲ್ಲ ಹೋಗಿ ಸೇರುವ ಸ್ಥಾವರದಲ್ಲಿ ಒಂದು ದುಂಡನೆಯ ನೀರಿನ ತೊಟ್ಟಿ, ಅದರಲ್ಲಿ ಕವುಚಿ ಹಾಕಿದ ಬೋಗುಣಿಯ ಹಾಗೆ ತೇಲುವ ಕಬ್ಬಿಣದ ಮುಚ್ಚಳ. ಅದನ್ನು ಇಪ್ಪತ್ತಾರು ವರ್ಷದಿಂದ ನೋಡಿಕೊಳ್ಳುತ್ತಿದ್ದವನಿಗೆ ಅಲ್ಲಿನ ನೌಕರರ ಕ್ವಾರ್ಟರ್ಸಿನ ಜನ ಇಟ್ಟ ಹೆಸರು ಬೋಗುಣಿ ಮಾಮ.

ಕೊಳೆತ ರಾಡಿಯಿಂದ ಹುಟ್ಟಿದ ಗ್ಯಾಸು ಅಡಿಯಲ್ಲಿ ತುಂಬಿದ ಹಾಗೆಲ್ಲ ಮುಚ್ಚಳ ಮೇಲೇಳುತ್ತಿತ್ತು. ಬೆಳಿಗ್ಗೆ ಕ್ವಾರ್ಟರ್ಸಿನ ತೊಂಬತ್ತು ಮನೆಗಳಲ್ಲಿ ಒಲೆ ಹೊತ್ತಿದರೆ ಮೆಲ್ಲಗೆ ಇಳಿಯುತ್ತಿತ್ತು. ಗ್ಯಾಸನ್ನು ಕೊಳವೆಗೆ ದಬ್ಬುತ್ತಿದ್ದುದು ಮುಚ್ಚಳದ ಭಾರವೇ. ಹಾಗಾಗಿ ತುಂಬಿರಲಿ, ಮುಕ್ಕಾಲು ಬರಿದಾಗಿರಲಿ, ಉರಿ ಒಂದೇ ಸಮ. ಗ್ಯಾಸು ಸೋರದಂತೆ ಸುತ್ತಲಿನ ನೀರೇ ಅದಕ್ಕೆ ಬಿರಡೆ. ಮಾಮ ನೀರು ಇಳಿಯದಂತೆ ತುಂಬಬೇಕು, ಕಂಬಿಗಳ ಮೇಲೆ ಓಡುವ ಗಾಲಿಗಳಿಗೆ ಗ್ರೀಸು ಹಚ್ಚಬೇಕು. ಒಂದು ಗಾಲಿ ಮೊಂಡು ಹಿಡಿದರೂ ಮುಚ್ಚಳ ವಾಲಿ, ಅಂಚಿನಿಂದ ಗ್ಯಾಸು ಬುಳುಬುಳು ಹೊರಗೆ. ಅದು ಮೊದಲು ತಿಳಿಯುವುದು ಮೂಗಿಗೆ.

ಆ ಮೂಗೇ ಕೈಕೊಟ್ಟಿತು. ಒಂದು ಮಧ್ಯಾಹ್ನ ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ಮೂಗಿಗೆ ಸೆರಗು ಅಡ್ಡ ಹಿಡಿದಳು.

“ಏನ್ರೀ ಇದು! ಕೊಳೆತ ಮೊಟ್ಟೆ ಮೇಲೆ ಹೊರಳಾಡಿ ಬಂದ್ರಾ?”

“ವಾಸನೆ ಬರ್ತಿದೆಯಾ?”

ನಗುತ್ತಿದ್ದವಳು ನಗು ನಿಲ್ಲಿಸಿದಳು. ಅವನ ಮೂಗಿಗೆ ಹೆಚ್ಚಿದ ಈರುಳ್ಳಿ ಹಿಡಿದಳು, ಸೋಪು ಹಿಡಿದಳು, ಕೊನೆಗೆ ಸೀಮೆಎಣ್ಣೆ ಬಾಟಲಿಯನ್ನೇ ತಂದಳು. ಅವನು ಇಲ್ಲವೆಂದು ತಲೆಯಾಡಿಸಿದ. ವರ್ಷಗಟ್ಟಲೆ ಅದೇ ಗ್ಯಾಸು ಕುಡಿದ ಮೂಗು ಸತ್ತುಹೋಗಿತ್ತು.

ಹೇಳಿದರೆ ಕೆಲಸ ಹೋಗುತ್ತದೆ, ಕೆಲಸದ ಜೊತೆ ಮನೆಯೂ. ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡರು. ಮಾರನೆಯ ದಿನದಿಂದ ಅವಳೇ ಬುತ್ತಿ ತಂದು, ತೊಟ್ಟಿಯ ಸುತ್ತ ಅವನ ಜೊತೆ ಒಂದು ಸುತ್ತು ಬರತೊಡಗಿದಳು. ಒಂದು ಕಡೆ ನಿಂತು, “ಇಲ್ಲಿ,” ಎಂದು ಪಿಸುಗುಟ್ಟುವಳು. ಅವನು ಅಲ್ಲಿ ಸೋಪಿನ ನೊರೆ ಬಳಿದು, ಗ್ಯಾಸು ಸೋರಿದರೆ ಏಳುವ ಗುಳ್ಳೆ ಹುಡುಕುವನು.

“ಈ ವಯಸ್ಸಲ್ಲಿ ಜೋಡಿ ಸುತ್ತಾಟ ನೋಡ್ರಪ್ಪ!” ಎಂದು ಪಂಪಿನವರು ಕಿಚಾಯಿಸಿದರೆ ಅವಳು ನಗುವಳು. ಅವನ ಮುಖ ಹುಳ್ಳಗಾಗುವುದು.

ಹೀಗೇ ನಾಲ್ಕು ವರ್ಷ. ಐದನೆಯ ವರ್ಷ ಅವಳು ಬಚ್ಚಲಲ್ಲಿ ಕುಸಿದು ಬಿದ್ದಳು. ಬಲಗೈ, ಬಲಗಾಲು ಸ್ವಾಧೀನ ತಪ್ಪಿತು, ಮಾತು ತೊದಲಿತು. ಅಂದಿನಿಂದ ಅವನು ನೊರೆಯ ಬಕೆಟ್ ಹಿಡಿದು ಒಬ್ಬನೇ ಮೂರು ಹೊತ್ತೂ ತೊಟ್ಟಿ ಸುತ್ತಿದ.

ಒಂದು ಬೆಳಿಗ್ಗೆ ತೊಟ್ಟಿಯ ಸುತ್ತಲಿನ ಮುರಿದ ಕಟಕಟೆಗೆ ಬೆಸುಗೆ ಹಾಕಲು ವೆಲ್ಡರ್ ಬಂದ. ಸ್ವಲ್ಪ ಹೊತ್ತಿಗೆ ಮುಂಚೆಯಷ್ಟೇ ಎಲ್ಲ ಕಡೆ ನೊರೆ ಬಳಿದು ನೋಡಿದ್ದ ಮಾಮ ಧೈರ್ಯವಾಗಿ, “ಶುರು ಮಾಡಪ್ಪ, ಏನೂ ಇಲ್ಲ,” ಎಂದ. ವೆಲ್ಡರ್ ಬೆಸುಗೆಯ ಕಡ್ಡಿ ಎತ್ತಿದವನು ತಟ್ಟನೆ ಕೆಳಗಿಟ್ಟ.

“ಮಾಮ, ಗಬ್ಬು ನಾರ್ತಿದೆಯಲ್ಲ! ನಿಮಗೆ ಬರ್ತಾ ಇಲ್ವಾ?”

ಮಾಮ ತಿರುಗಿ ನೋಡಿದ. ಅಷ್ಟರಲ್ಲಿ ಹಿಂಬದಿಯ ಗಾಲಿ ಕಚ್ಚಿಕೊಂಡು ಮುಚ್ಚಳ ಒಂದು ಗೇಣು ವಾಲಿತ್ತು, ನೀರು ಕುದಿಯುವ ಹಾಗೆ ಗುಳ್ಳೆ. ಒಂದು ಕಿಡಿ ಹಾರಿದ್ದರೆ? ನೆಗಡಿ ಎಂದು ಹೇಳಿ ಜಾರಿಕೊಳ್ಳಬಹುದಿತ್ತು. ಆದರೆ ನೆಟ್ಟಗೆ ಎಂಜಿನಿಯರ್ ಕೋಣೆಗೆ ಹೋದ.

“ಸಾರ್, ನನಗೆ ಮೂಗಿಲ್ಲ. ನಾಲ್ಕು ವರ್ಷದ ಮೇಲಾಯ್ತು.”

ಎಂಜಿನಿಯರ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ನಿಜ ಹೇಳಿದ್ದು ಒಳ್ಳೇದಾಯ್ತು, ಆದರೆ ನಾನು ಮೇಲಿನವರಿಗೆ ಬರೆಯಲೇಬೇಕಲ್ಲ,” ಎಂದು ಕಾಗದ ಎಳೆದುಕೊಂಡ.

ವಾರದೊಳಗೆ ಕೆಲಸದಿಂದ ಬಿಡಿಸಿದರು. ಮುಚ್ಚಳವನ್ನೂ ಯಾರೂ ರಿಪೇರಿ ಮಾಡಿಸಲಿಲ್ಲ. ಮನೆಗಳಿಗೆ ಸಿಲಿಂಡರ್ ಬಂತು, ಗ್ಯಾಸನ್ನು ಚಿಮಣಿಯಲ್ಲಿ ಸುಮ್ಮನೆ ಉರಿಸಿಬಿಟ್ಟರು. ಅವನು ಗ್ರೀಸು ಹಚ್ಚುತ್ತಿದ್ದ ಗಾಲಿಗಳು ಗುಜರಿಗೆ ಹೋದವು.

ಈಗ ಅವರದು ಮೂರನೆಯ ಮಹಡಿಯಲ್ಲಿ ಒಂದೇ ಕೋಣೆ. ಹೆಂಡತಿಯ ಕೈ ಇನ್ನು ಬರುವುದಿಲ್ಲ ಎಂದು ಡಾಕ್ಟರ್ ಹೇಳಿಯಾಗಿದೆ. ಆದರೂ ಅವನು ದಿನಾ ಅರ್ಧ ಗಂಟೆ ಆ ಬೆರಳುಗಳನ್ನು ಒಂದೊಂದಾಗಿ ನೀವುತ್ತಿದ್ದ.

“ಸಾಕು ಬಿಡ್ರೀ,” ಎಂದಳು ಒಂದು ದಿನ, ಸೊಟ್ಟಗಾದ ಬಾಯಲ್ಲಿ. “ಸುಮ್ನೆ ಯಾಕೆ ದಣೀತೀರಿ?”

ಅವನು ಅವಳ ಕೈಯನ್ನು ಹೊದಿಕೆಯೊಳಗೆ ಸೇರಿಸಿ, ಪಕ್ಕದಲ್ಲೇ ಗೋಡೆಗೊರಗಿ ಕೂತ. ಮರುದಿನದಿಂದ ಬೆರಳು ನೀವುವುದನ್ನೂ ಬಿಟ್ಟ.