ಕಾಯಿಲೆಯಿಲ್ಲದವಳ ಸಿಕ್ ಲೀವ್

ಸಿಕ್ ಲೀವ್ ಕೇಳಲು ಮ್ಯಾನೇಜರ್ ಕೋಣೆಗೆ ಹೋದ ದಿನ ನನಗೆ ಯಾವ ಕಾಯಿಲೆಯೂ ಇರಲಿಲ್ಲ. ಇದನ್ನು ಖಚಿತವಾಗಿ ಹೇಳಬಲ್ಲೆ. ಅದಕ್ಕೆ ಮುಂಚಿನ ಕೆಲವು ತಿಂಗಳು ಡಾಕ್ಟರುಗಳು ನನ್ನ ರಕ್ತ, ಹೃದಯ, ಶ್ವಾಸಕೋಶ, ಕೊನೆಗೆ ಮನಸ್ಸನ್ನೂ ಪರೀಕ್ಷೆ ಮಾಡಿ, ಪೂರ್ತಿ ಆರೋಗ್ಯವಾಗಿದ್ದೀರಿ ಎಂದು ತೀರ್ಮಾನಿಸಿದ್ದರು. ಆರೋಗ್ಯವಾಗಿದ್ದುದರಿಂದಲೇ ನನಗೆ ಆಪರೇಷನ್ ಆಗಬೇಕಿತ್ತು. ನನ್ನ ಒಂದು ಕಿಡ್ನಿಯನ್ನು ತಮ್ಮನಿಗೆ ಕೊಡುವವಳಿದ್ದೆ.

ರಾಜಾಜಿನಗರದ ಇಂಡಸ್ಟ್ರಿಯಲ್ ಟೌನಿನಲ್ಲಿ ಸ್ವಿಚ್ಚು, ಪ್ಲಗ್ಗು ಮಾಡುವ ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ ನನ್ನ ಕೆಲಸ. ನಮ್ಮ ಮ್ಯಾನೇಜರು ರಿಟೈರ್ ಆಗಲು ಹತ್ತಿರವಿದ್ದವರು, ಯಾರನ್ನೂ ಗದರಿದವರಲ್ಲ. ನಾನು ಹೇಳಿದ್ದನ್ನು ಕೇಳಿ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಯಾರಿಗಮ್ಮ ಆಪರೇಷನ್ನು?"

"ನನಗೇ ಸಾರ್."

"ಏನಾಗಿದೆ ನಿಮಗೆ?"

"ನನಗೇನೂ ಆಗಿಲ್ಲ. ತಮ್ಮನಿಗೆ ಕಿಡ್ನಿ ಕೊಡ್ತಾ ಇದೀನಿ."

"ದೊಡ್ಡ ಕೆಲಸಾನೇ ಮಾಡ್ತಾ ಇದೀರಿ. ಆದ್ರೆ ತಪ್ಪು ತಿಳ್ಕೋಬೇಡಿ, ಸಿಕ್ ಲೀವ್ ಇರೋದು ಹುಷಾರಿಲ್ದೋರಿಗೆ. ಇದು ನೀವಾಗೇ ಮಾಡಿಸ್ಕೊಳ್ತಿರೋದು. ಬೇರೆ ರಜೆ ಇದ್ರೆ ಹಾಕಿ."

"ಬೇರೆ ರಜೆ ಎಲ್ಲ ಮುಗಿದೋಗಿದೆ ಸಾರ್. ಅವನನ್ನ ಡಯಾಲಿಸಿಸ್‌ಗೆ ಕರ್ಕೊಂಡು ಹೋಗಿ ಬಂದು ಮಾಡೋದ್ರಲ್ಲೇ..."

"ಹೆಡ್ ಆಫೀಸ್‌ನೋರು ಕೇಳಿದ್ರೆ ನಾನೇನು ಹೇಳ್ಲಿ?"

ನೀವಾಗೇ ಮಾಡಿಸ್ಕೊಳ್ತಿರೋದು ಎಂಬ ಮಾತು ಸಂಜೆ ಬಸ್ಸಿನಲ್ಲಿ ಬರುವಾಗಲೂ ಕಿವಿಯಲ್ಲಿತ್ತು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ನಾನು ಆರಿಸಿಕೊಂಡೆ ಅಂತ ನನಗೆ ಒಂದು ದಿನವೂ ಅನ್ನಿಸಿರಲಿಲ್ಲ.

ತಮ್ಮ ನನಗಿಂತ ಎಂಟು ವರ್ಷಕ್ಕೆ ಚಿಕ್ಕವನು. ಅಪ್ಪ ಹೋದ ಮೇಲೆ ಅಮ್ಮ ಹಗಲೆಲ್ಲ ಬ್ಲೌಸ್ ಹೊಲಿಯುತ್ತಿದ್ದಳು, ಅವನಿಗೆ ತಲೆ ಬಾಚಿ, ಊಟ ಮಾಡಿಸಿ, ಸ್ಕೂಲಿಗೆ ಬಿಡುವುದು ನನ್ನ ಪಾಲಿಗಿತ್ತು. ನಾನು ಮದುವೆಯಾಗಿ ಗೋವಿಂದರಾಜನಗರಕ್ಕೆ ಬಂದ ಮೇಲೂ ಅವನು ವಾರಕ್ಕೊಮ್ಮೆಯಾದರೂ ಬಂದು, ಚಪ್ಪಲಿ ಬಿಡುತ್ತಲೇ "ಅಕ್ಕ, ತಿನ್ನೋಕೇನಿದೆ?" ಎನ್ನುತ್ತಿದ್ದ. ಆಮೇಲೆ ಬ್ಯಾಡರಹಳ್ಳಿಯಲ್ಲಿ ಒಂದು ಪ್ಲೈವುಡ್ ಅಂಗಡಿ ಹಾಕಿದ, ಮದುವೆಯಾದ, ಒಂದು ಹೆಣ್ಣು ಮಗುವಾಯಿತು. ಅಮ್ಮ ಆ ಮಗುವನ್ನು ಎತ್ತಿಕೊಂಡು ಆಡಿಸಿಯೇ ಹೋದಳು.

ಅವನ ಕಾಲು ಊದಿಕೊಳ್ಳತೊಡಗಿದಾಗ, ಅಂಗಡಿಯಲ್ಲಿ ಇಡೀ ದಿನ ನಿಂತೇ ಇರುತ್ತಾನೆ, ಅದಕ್ಕೇ ಇರಬೇಕು ಅಂದುಕೊಂಡೆವು. ಊತ ಮುಖಕ್ಕೆ ಬಂದ ಮೇಲೆ ಗಂಡ ಹೆಂಡತಿ ಡಾಕ್ಟರ ಹತ್ತಿರ ಹೋದರು. ಅಷ್ಟರಲ್ಲಿ ಎರಡೂ ಕಿಡ್ನಿ ಹೆಚ್ಚುಕಡಿಮೆ ಕೆಲಸ ನಿಲ್ಲಿಸಿದ್ದವು. ಡಯಾಲಿಸಿಸ್ ಶುರುವಾಯಿತು. ಸೂಜಿ ಚುಚ್ಚಿಸಿಕೊಂಡು ಗಂಟೆಗಟ್ಟಲೆ ಮಲಗಿರುವುದನ್ನು ಅವನು ಹೇಗೋ ಸಹಿಸಿದ. ಸಹಿಸಲಾಗದೆ ಹೋದದ್ದು ಬಾಯಾರಿಕೆ. ಮೂತ್ರ ಹೋಗುತ್ತಿರಲಿಲ್ಲವಾದ್ದರಿಂದ ಅವನಿಗೆ ನೀರು ಅಳೆದು ಕೊಡಬೇಕಿತ್ತು. ಒಮ್ಮೆ ನಮ್ಮ ಮನೆಗೆ ಬಂದಿದ್ದಾಗ, ನಾನು ಪಾತ್ರೆ ತೊಳೆಯಲು ನಲ್ಲಿ ಬಿಟ್ಟೆ. ಅವನು ಅಡುಗೆಮನೆ ಬಾಗಿಲಲ್ಲಿ ನಿಂತು ಆ ನೀರನ್ನೇ ನೋಡುತ್ತಿದ್ದ. ನಾನು ತಿರುಗಿ ನೋಡಿದ್ದನ್ನು ಕಂಡು ನಾಚಿಕೊಂಡು ಹಾಲ್‌ಗೆ ಹೋದ.

ಅವನ ಹೆಂಡತಿಯ ರಕ್ತದ ಗುಂಪು ಹೊಂದಲಿಲ್ಲ. ನನ್ನದು ಅವನದೇ ಗುಂಪು ಎಂದು ಎಲ್ಲರಿಗೂ ಗೊತ್ತಿತ್ತು. ನನ್ನನ್ನು ಯಾರೂ ಕೇಳಲಿಲ್ಲ, ಅವನಂತೂ ಕೇಳಲೇ ಇಲ್ಲ. ಕೇಳುತ್ತಾನೇನೋ ಎಂದು ಕಾದೆ. ಕೊನೆಗೆ ನಾನೇ ಫೋನ್ ಮಾಡಿ, "ನಾನು ಟೆಸ್ಟ್ ಮಾಡಿಸ್ತೀನಿ ಕಣೋ" ಎಂದೆ. ಲೈನ್ ಕಟ್ಟಾಯಿತು ಅಂದುಕೊಳ್ಳುವಷ್ಟರಲ್ಲಿ ಅವನು ಅಳುವುದು ಕೇಳಿಸಿತು.

ನನ್ನ ಗಂಡನಿಗೆ ಹೇಳಿದಾಗ ಅವರು ಊಟ ಮಾಡುತ್ತಿದ್ದರು.

"ನಿನ್ನ ತಮ್ಮ ಕೇಳಿದ್ನಾ?"

"ಇಲ್ಲ."

"ಕೇಳಿದ್ರೆ ನಾನು ಬೇಡ ಅಂತಿದ್ದೆ," ಎಂದರು. ಅಷ್ಟೇ. ತಟ್ಟೆಯಲ್ಲಿದ್ದುದನ್ನು ಅರ್ಧಕ್ಕೇ ಬಿಟ್ಟು ಎದ್ದರು. ಆಸ್ಪತ್ರೆಯಲ್ಲಿ ಸಹಿ ಹಾಕಬೇಕಾದಲ್ಲೆಲ್ಲ ಹಾಕಿದರು. ನಮಗೂ ಒಬ್ಬಳು ಮಗಳಿದ್ದಾಳೆ. ಆಗ ಅವಳು ಪಿಯುಸಿಯಲ್ಲಿದ್ದಳು.

ಕಿಡ್ನಿ ಕೊಡುವವರನ್ನು ಒಂದು ಸಮಿತಿಯ ಮುಂದೆ ಕೂರಿಸುತ್ತಾರೆ. ಯಾರಾದರೂ ಒತ್ತಾಯ ಮಾಡಿದ್ದಾರಾ ಎಂದು ಅಲ್ಲಿದ್ದ ಒಬ್ಬ ಹೆಂಗಸು ಬೇರೆ ಬೇರೆ ಮಾತಿನಲ್ಲಿ ಕೇಳಿದರು. ಇಲ್ಲ ಎಂದೆ. "ಇದು ಫೇಲ್ ಆಗಬಹುದು ಅಂತ ಗೊತ್ತಾ?" ಎಂದೂ ಕೇಳಿದರು. ಗೊತ್ತು ಎಂದೆ. ಆಗ ಅದು ಬರೀ ಒಂದು ಮಾತಾಗಿತ್ತು.

ಮ್ಯಾನೇಜರು ಮರುವಾರ ನನ್ನನ್ನು ಕರೆದರು. "ಹೆಡ್ ಆಫೀಸ್ ಜೊತೆ ಮಾತಾಡ್ದೆ. ಸಂಬಳ ಸಮೇತ ಸಿಕ್ ಲೀವ್ ಕೊಡ್ತಾರೆ. ಹೋಗುವಾಗ ಆರೋಗ್ಯವಾಗಿದ್ರೂ ಆಪರೇಷನ್ ಆದ್ಮೇಲೆ ಪೇಷಂಟೇ ಅಲ್ವಾ ಅಂದೆ. ಒಪ್ಕೊಂಡ್ರು." ತಮಾಷೆಯ ಹಾಗೆ ಹೇಳಲು ನೋಡಿದರು. ನಾನು ಕೈ ಮುಗಿದೆ.

ಆಪರೇಷನ್ನಿನ ದಿನ ಬೆಳಿಗ್ಗೆ ನಮ್ಮಿಬ್ಬರ ಸ್ಟ್ರೆಚರುಗಳನ್ನು ಕಾರಿಡಾರಿನಲ್ಲಿ ಸ್ವಲ್ಪ ಹೊತ್ತು ಅಕ್ಕಪಕ್ಕ ನಿಲ್ಲಿಸಿದ್ದರು. ಇಬ್ಬರಿಗೂ ಹಸಿರು ಗೌನು, ತಲೆಗೆ ಟೋಪಿ. ಅವನು ನನ್ನ ಕಡೆ ತಿರುಗಿ, "ಅಕ್ಕ, ಈಗ್ಲೂ ಬೇಡ ಅನ್ನಬೌದು" ಎಂದ.

"ಸುಮ್ನೆ ಮಲಕ್ಕೋ," ಎಂದೆ.

ಎಚ್ಚರವಾದಾಗ ಪಕ್ಕೆಯನ್ನು ಯಾರೋ ಸೀಳಿ ಹಾಗೇ ಬಿಟ್ಟುಹೋದಂತೆ ನೋವು. ಉಸಿರು ಎಳೆದರೂ ನೋವು. ಗಂಡ ಹಣೆ ಮುಟ್ಟಿದ್ದು ನೆನಪಿದೆ. ಆಮೇಲೆ ತಮ್ಮನ ಹೆಂಡತಿ ಮಂಚದ ಪಕ್ಕ ಬಂದು, ಮಾಸ್ಕ್ ಕೆಳಗಿಳಿಸಿ, "ಅತ್ತಿಗೆ, ಯೂರಿನ್ ಬಂತು. ತುಂಬಾ ಬರ್ತಾ ಇದೆಯಂತೆ" ಎಂದಳು. ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟಳು. ಅಂಥ ಮಾತಿಗೆ ಯಾರಾದರೂ ಅಷ್ಟು ಸಂತೋಷಪಡುವುದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ನಾನೂ ಅತ್ತೆ. ಅತ್ತಾಗ ಹೊಲಿಗೆ ಜಗ್ಗಿತು.

ನಾನು ಬೇಗ ಮನೆಗೆ ಬಂದೆ, ಅವನು ಇನ್ನೂ ಆಸ್ಪತ್ರೆಯಲ್ಲಿದ್ದ. ಹಗಲು ಹೊತ್ತು ಹಾಸಿಗೆಯಲ್ಲಿ ಮಲಗಿರುವುದು ನನಗೆ ಗೊತ್ತೇ ಇಲ್ಲದ ಸಂಗತಿ. ಬಾಣಂತನದಲ್ಲೂ ಹಾಗೆ ಮಲಗಿದವಳಲ್ಲ. ಮಗಳು ಕಾಲೇಜಿಗೆ ಹೋಗುವ ಮುಂಚೆ ಗಂಜಿ ಮಾಡಿಟ್ಟು ಹೋಗುತ್ತಿದ್ದಳು. ಕೆಳಗೆ ರಸ್ತೆಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋಗುವುದು, ಎದುರು ಮನೆಯವರು ಬಟ್ಟೆ ಒಗೆಯುವುದು ಎಲ್ಲ ಕೇಳಿಸುತ್ತಿತ್ತು. ತಿಂಗಳು ತುಂಬಿದಾಗ ಸಂಬಳ ಬಂದ ಮೆಸೇಜು ಫೋನಿಗೆ ಬಂತು. ಮಲಗಿದ್ದವಳಿಗೂ ಸಂಬಳ ಬಂತಲ್ಲ ಎಂದು ಆಶ್ಚರ್ಯವಾಯಿತು. ಆಫೀಸಿನಿಂದ ಇಬ್ಬರು ಹೆಂಗಸರು ದಾಳಿಂಬೆ ತಗೊಂಡು ನೋಡಲು ಬಂದರು. ನಾನು ಎದ್ದು ಕಾಫಿ ಮಾಡಿಕೊಟ್ಟೆ. ಹೋಗುವಾಗ ಅವರಲ್ಲೊಬ್ಬಳು, "ನೀವು ಆರಾಮಾಗೇ ಇದೀರಲ್ಲ" ಎಂದಳು. ಸಂತೋಷಕ್ಕೇ ಹೇಳಿದ್ದಿರಬೇಕು. ನನಗೆ ಮಾತ್ರ, ಯಾರದೋ ರಜೆಯನ್ನು ನಾನು ಕಿತ್ತುಕೊಂಡು ಕೂತಿದ್ದೇನೆ ಅನ್ನಿಸಿತು.

ತಮ್ಮ ಮನೆಗೆ ಬಂದ ದಿನ ಫೋನ್ ಮಾಡಿದ.

"ಅಕ್ಕ, ಇವತ್ತು ಒಂದು ಚೊಂಬು ನೀರು ಕುಡಿದೆ. ಒಂದೇ ಸಲಕ್ಕೆ. ಪೂರ್ತಿ."

"ನಿಧಾನಕ್ಕೆ ಕುಡಿಯೋ."

"ಡಾಕ್ಟರೇ ಕುಡಿ ಅಂದಿದಾರೆ ಕಣೇ. ಎಷ್ಟು ಬೇಕಾದ್ರೂ ಕುಡಿ ಅಂದಿದಾರೆ."

ಅದಾದ ಮೇಲೆ ದಿನಾ ಫೋನ್ ಮಾಡುತ್ತಿದ್ದ. ಎಳನೀರು ಕುಡಿದದ್ದು, ತಿಳಿಸಾರನ್ನು ಲೋಟದಲ್ಲಿ ಹಾಕಿಸಿಕೊಂಡು ಕುಡಿದದ್ದು, ಮಗಳನ್ನು ಎತ್ತಿಕೊಳ್ಳಲು ಡಾಕ್ಟರು ಇನ್ನೂ ಬಿಡದೆ ಇರುವುದು. ಮಾಸ್ಕ್ ಹಾಕಿಕೊಂಡು ಅಂಗಡಿಯ ಬಾಗಿಲವರೆಗೆ ಹೋಗಿ ಬಂದನಂತೆ. ಬದುಕಿನಲ್ಲಿ ನಾನು ಮಾಡಿದ ಯಾವ ಕೆಲಸಕ್ಕೂ ಅಷ್ಟು ಸ್ಪಷ್ಟವಾದ ಫಲ ಸಿಕ್ಕಿರಲಿಲ್ಲ. ಅವನು ನೀರು ಕುಡಿದೆ ಎಂದಾಗಲೆಲ್ಲ ನನ್ನ ಪಕ್ಕೆಯ ನೋವಿಗೆ ಒಂದು ಅರ್ಥ ಬರುತ್ತಿತ್ತು.

ಒಂದು ದಿನ ಫೋನ್ ಬರಲಿಲ್ಲ. ಮಾರನೆಯ ದಿನ ಅವನ ಹೆಂಡತಿ ಮಾಡಿದಳು. "ಸ್ವಲ್ಪ ಜ್ವರ ಬಂದಿದೆ ಅತ್ತಿಗೆ. ಅಡ್ಮಿಟ್ ಮಾಡ್ಕೊಂಡಿದಾರೆ. ನೀವು ಬರ್ಬೇಡಿ, ನಿಮಗಿನ್ನೂ ಹೊಲಿಗೆ ಆರಿಲ್ಲ."

ಹೋದೆ. ಗಾಜಿನಾಚೆಯಿಂದ ನೋಡಿದೆ. ಅವನ ಮುಖ ಮತ್ತೆ ಊದಿತ್ತು. ಅವನ ದೇಹ ನನ್ನ ಕಿಡ್ನಿಯನ್ನು ತನ್ನದಲ್ಲ ಎಂದು ತಿಳಿದು ಅದರ ಮೇಲೆ ಬಿದ್ದಿತ್ತು. ಅದನ್ನು ತಡೆಯುವ ಔಷಧಿಗಳನ್ನೆಲ್ಲ ಕೊಟ್ಟರು. ಒಂದೊಂದು ಔಷಧಿ ಕೊಟ್ಟಾಗಲೂ ಎರಡು ದಿನ ಕಾದು ನೋಡೋಣ ಎನ್ನುತ್ತಿದ್ದರು. ಕೊನೆಗೆ ಅದನ್ನು ತೆಗೆದುಬಿಡಬೇಕು, ಇಲ್ಲದಿದ್ದರೆ ಅವನ ಜೀವಕ್ಕೇ ಅಪಾಯ ಎಂದರು. ತೆಗೆದರು.

ಡಾಕ್ಟರು ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಅವರ ಕೋಣೆಯಲ್ಲಿ ಕೂತು ಒಂದೇ ಪ್ರಶ್ನೆ ಕೇಳಿದೆ.

"ನಂದರಲ್ಲಿ ಏನಾದ್ರೂ ದೋಷ ಇತ್ತಾ ಸಾರ್?"

"ಇಲ್ಲಮ್ಮ. ನಿಮ್ಮ ಕಿಡ್ನಿ ತುಂಬಾ ಚೆನ್ನಾಗಿತ್ತು. ಅವರ ಬಾಡಿ ಒಪ್ಕೊಳ್ಲಿಲ್ಲ. ಎಲ್ಲ ಸರಿಯಾಗಿ ಮಾಡಿದ್ರೂ ಕೆಲವರಿಗೆ ಹೀಗಾಗುತ್ತೆ."

"ತೆಗೆದದ್ದನ್ನ ಏನು ಮಾಡಿದ್ರಿ?"

ಅವರು ನನ್ನ ಮುಖ ನೋಡಿ, ಟೆಸ್ಟಿಗೆ ಕಳಿಸಿದ್ದೀವಿ ಎಂದರು. ಮುಂದೆ ಕೇಳಲು ನನಗೆ ಧೈರ್ಯ ಬರಲಿಲ್ಲ.

ನನ್ನ ಸಿಕ್ ಲೀವ್ ಇನ್ನೂ ಮುಗಿದಿರಲಿಲ್ಲ. ಇದನ್ನು ಯಾರಿಗೂ ಸರಿಯಾಗಿ ಹೇಳಲು ಬರುವುದಿಲ್ಲ. ಕೊಟ್ಟದ್ದು ಹೋಗಿತ್ತು, ಪಡೆದವನು ಮತ್ತೆ ಡಯಾಲಿಸಿಸ್ ಮಂಚಕ್ಕೇ ಹೋಗಿದ್ದ, ನಾನು ಮಾತ್ರ ಮನೆಯಲ್ಲಿ ಮಲಗಿ ಗುಣವಾಗುತ್ತಿದ್ದೆ. ಗಾಯ ದಿನದಿನಕ್ಕೆ ಒಣಗುತ್ತಿತ್ತು. ಸ್ನಾನ ಮಾಡುವಾಗ ಅದನ್ನು ಮುಟ್ಟಿ ನೋಡಿ, ಇದು ಇಷ್ಟು ಚೆನ್ನಾಗಿ ಯಾಕೆ ಕೂಡಿಕೊಳ್ಳುತ್ತಿದೆ ಎಂದು ಸಿಟ್ಟು ಬರುತ್ತಿತ್ತು. ಗಂಡ ಏನೂ ಹೇಳಲಿಲ್ಲ. ನಾನು ಅಂದಿರಲಿಲ್ಲವಾ ಎಂದಾದರೂ ಅಂದಿದ್ದರೆ ಜಗಳ ಆಡಬಹುದಿತ್ತು. ಅವರು ಬೆಳಿಗ್ಗೆ ಎದ್ದು ನನಗೆ ಕಾಫಿ ಮಾಡಿಕೊಟ್ಟು, ಅಡುಗೆಮನೆ ಒರೆಸಿ, ಕೆಲಸಕ್ಕೆ ಹೋಗುತ್ತಿದ್ದರು.

ಕೆಲಸಕ್ಕೆ ಮರಳಿದ ದಿನ ಮ್ಯಾನೇಜರು ಎದ್ದು ನಿಂತು ಮಾತಾಡಿಸಿದರು. "ಬನ್ನಿ ಬನ್ನಿ. ತಮ್ಮ ಹೇಗಿದಾರೆ?"

"ಆಗ್ಲಿಲ್ಲ ಸಾರ್. ತೆಗೆದುಬಿಟ್ರು."

ಅವರು ಮತ್ತೆ ಕೂತರು. ಏನೋ ಹೇಳಲು ಹೋಗಿ, "ನೀವು ಭಾರ ಎತ್ಬೇಡಿ. ಫೈಲುಗಳನ್ನ ಅಟೆಂಡರ್ ತಂದ್ಕೊಡ್ತಾನೆ" ಎಂದರು. ನನಗೆ ಎಲ್ಲರ ಮಾತಿಗಿಂತ ಹೆಚ್ಚು ಸಮಾಧಾನ ಕೊಟ್ಟದ್ದು ಆ ಮಾತೇ. ನಾನು ಹೋಗಿ ನನ್ನ ಮೇಜಿನ ಮುಂದೆ ಕೂತೆ. ಕಂಪ್ಯೂಟರ್ ಪಾಸ್‌ವರ್ಡ್ ಮರೆತುಹೋಗಿತ್ತು.

ತಮ್ಮನನ್ನು ನೋಡಲು ಬ್ಯಾಡರಹಳ್ಳಿಗೆ ಭಾನುವಾರ ಹೋಗುತ್ತಿದ್ದೆ. ಅವನು ನನ್ನ ಮುಖ ನೋಡುತ್ತಿರಲಿಲ್ಲ. ಮಗುವಿನ ಜೊತೆ ಮಾತಾಡುತ್ತಿದ್ದ, ಟಿವಿ ನೋಡುತ್ತಿದ್ದ. ಒಂದು ಸಲ ಅವನ ಹೆಂಡತಿ ಒಳಗೆ ಹೋದಾಗ ಹೇಳಿದ.

"ಅಕ್ಕ, ನಿಂದನ್ನ ಉಳಿಸ್ಕೊಳ್ಳೋಕಾಗ್ಲಿಲ್ಲ ಕಣೇ."

"ನೀನೇನು ಮಾಡೋಕಾಗುತ್ತೋ. ಬಿಡು."

"ಮಾತ್ರೆ ಒಂದು ದಿನಾನೂ ತಪ್ಪಿಸಿಲ್ಲ. ಅವಳನ್ನ ಬೇಕಾದ್ರೆ ಕೇಳು."

"ನನಗೆ ಗೊತ್ತು ಕಣೋ."

"ಇಲ್ಲ, ಕೇಳು ನೀನು."

ಬೇರೆಯವರ ವಸ್ತು ತಂದು ಒಡೆದು ಹಾಕಿದವನಂತೆ ಅವನು ಕೂತಿದ್ದ. ನಾನು ಏನು ಹೇಳಿದರೂ ಅವನಿಗದು ಕ್ಷಮೆಯಂತೆ ಕೇಳುತ್ತಿತ್ತು, ಕ್ಷಮೆ ಕೊಟ್ಟಷ್ಟೂ ಅವನು ಇನ್ನೂ ಕುಗ್ಗುತ್ತಿದ್ದ. ಅದಕ್ಕಾಗಿ ನಾನು ಹೋಗುವುದನ್ನೇ ಕಡಿಮೆ ಮಾಡಿದೆ. ಡಯಾಲಿಸಿಸ್‌ಗೆ ನಾನು ಬರುತ್ತೇನೆ ಎಂದರೆ ಬೇಡ ಎನ್ನುತ್ತಿದ್ದ. ನೋವಿದೆಯಾ ಎಂದು ಕೇಳುತ್ತಿದ್ದ. ಇಲ್ಲ ಎನ್ನುತ್ತಿದ್ದೆ. ಅಷ್ಟಕ್ಕೆ ನಮ್ಮ ಮಾತು ಮುಗಿಯುತ್ತಿತ್ತು.

ಗೌರಿ ಹಬ್ಬಕ್ಕೆ ತವರಿನಿಂದ ನನಗೆ ಬಾಗಿನ ತರುವವನು ಅವನೇ. ಅಮ್ಮ ಹೋದ ಮೇಲೆ ಒಂದು ವರ್ಷವೂ ತಪ್ಪಿಸಿರಲಿಲ್ಲ. ಆ ವರ್ಷ ಅವನ ಹೆಂಡತಿ ಒಬ್ಬಳೇ ಮೆಟ್ಟಿಲು ಹತ್ತಿ ಬಂದಳು. ಮೊರ ಕೊಟ್ಟು, ಕಾಲಿಗೆ ನಮಸ್ಕಾರ ಮಾಡಿದಳು.

"ಅವನೆಲ್ಲಿ?"

"ಕೆಳಗೆ ಆಟೋದಲ್ಲಿ ಕೂತಿದಾರೆ ಅತ್ತಿಗೆ. ಬನ್ನಿ ಅಂದ್ರೆ ಬರ್ತಿಲ್ಲ. ಮೆಟ್ಟಿಲು ಹತ್ತೋಕಾಗಲ್ಲ ಅಂತಾರೆ."

ನಾನು ಇಳಿದು ಹೋದೆ. ಆಟೋದಲ್ಲಿ ಅವನ ಪಕ್ಕ ಹತ್ತಿ ಕೂತೆ. ಡ್ರೈವರು ಹೊರಗೆ ನಿಂತು ಫೋನಿನಲ್ಲಿ ಮಾತಾಡುತ್ತಿದ್ದ. ತಮ್ಮನ ಕೈ ಹಿಡಿದುಕೊಂಡೆ. ಡಯಾಲಿಸಿಸ್‌ಗೆಂದು ಜೋಡಿಸಿದ್ದ ನರ ಸೂಜಿ ಚುಚ್ಚಿ ಚುಚ್ಚಿ ದಪ್ಪಗಾಗಿ ಎದ್ದಿತ್ತು, ಮುಟ್ಟಿದರೆ ಒಳಗೆ ರಕ್ತ ಗುಂಯ್‌ಗುಡುತ್ತಿತ್ತು.

"ಇನ್ನೊಂದು ಸಲ ಟ್ರಾನ್ಸ್‌ಪ್ಲಾಂಟ್‌ಗೆ ಹೆಸರು ಬರ್ಸಿ ಅಂತಾರೆ ಡಾಕ್ಟ್ರು," ಎಂದ. "ಬೇಡ ಅಂದೆ."

"ಯಾಕೋ?"

"ಇನ್ಯಾರದ್ದೋ ತಗೊಂಡು ಅದನ್ನೂ ಹಾಳು ಮಾಡ್ಲಾ?"

ಬೇಡ ಕಣೋ ಹಾಗನ್ನಬೇಡ ಎಂದೆನೋ, ಮನಸ್ಸಿನಲ್ಲೇ ಅಂದುಕೊಂಡೆನೋ, ಈಗ ನೆನಪಿಲ್ಲ. ಅವನ ಹೆಂಡತಿ ಕೆಳಗೆ ಬರುವವರೆಗೂ ಹಾಗೇ ಕೂತಿದ್ದೆವು.

ದೀಪಾವಳಿ ಕಳೆದ ಮೇಲೆ, ಒಂದು ಬೆಳಿಗ್ಗೆ, ಡಯಾಲಿಸಿಸ್‌ಗೆ ಹೊರಡಲು ಶರಟು ಹಾಕಿಕೊಳ್ಳುತ್ತಿದ್ದವನು ಹಾಗೇ ಮಂಚದ ಮೇಲೆ ಕೂತನಂತೆ. ಹೃದಯ ನಿಂತಿತ್ತು. ನಾನು ಹೋಗುವಷ್ಟರಲ್ಲಿ ಹಾಲ್‌ನಲ್ಲಿ ಮಲಗಿಸಿದ್ದರು. ಶರಟಿನ ಒಂದು ತೋಳಿಗೆ ಮಾತ್ರ ಕೈ ಹಾಕಿದ್ದ. ಇನ್ನೊಂದು ತೋಳನ್ನು ನಾನೇ ಹಾಕಿ, ಗುಂಡಿ ಹಾಕಿದೆ. ಬಾಯಿಗೆ ನೀರು ಬಿಡುವಾಗ ನನಗಿಂತ ಮುಂಚೆ ಅವನ ಹೆಂಡತಿ ಜೋರಾಗಿ ಅತ್ತಳು.

ಆಮೇಲೆ ನಾನು ವರ್ಷದ ತಪಾಸಣೆಗೆ ಹೋಗಬೇಕಾಯಿತು. ಕಿಡ್ನಿ ಕೊಟ್ಟವರು ಹೋಗುತ್ತಿರಬೇಕು. ಸ್ಕ್ಯಾನ್ ಮಾಡಿದ ಹುಡುಗಿ ಜೆಲ್ ಒರೆಸಿಕೊಳ್ಳಲು ಟಿಶ್ಯೂ ಕೊಟ್ಟಳು. ಡಾಕ್ಟರು ಪರದೆ ನೋಡಿ, "ಉಳಿದಿರೋ ಕಿಡ್ನಿ ಸ್ವಲ್ಪ ದೊಡ್ಡದಾಗಿದೆ. ಎರಡರ ಕೆಲಸ ಅದೊಂದೇ ಮಾಡ್ತಾ ಇದೆ. ಒಳ್ಳೇದೇ ಆಯ್ತು, ನೀರು ಚೆನ್ನಾಗಿ ಕುಡೀರಿ" ಎಂದರು. ಒಳ್ಳೆಯ ಸುದ್ದಿ ಎಂದೇ ಹೇಳಿದರು. ನಾನು ಸೆರಗು ಸರಿಮಾಡಿಕೊಂಡು, ಚಪ್ಪಲಿ ಹಾಕಿಕೊಂಡು ಹೊರಗೆ ಬಂದೆ. ಬಾಯಿ ಒಣಗಿತ್ತು. ಬಾಗಿಲ ಹತ್ತಿರ ನೀರಿನ ಕ್ಯಾನ್ ಇತ್ತು, ಪಕ್ಕದಲ್ಲಿ ಪೇಪರ್ ಲೋಟಗಳಿದ್ದವು. ಕುಡಿಯಲು ಮನಸ್ಸಾಗಲಿಲ್ಲ.